ಕುಡಿದವನು ಓಡಿಸಿಲ್ಲ, ಓಡಿಸಿದವನು ಕುಡಿದಿಲ್ಲ

ನನ್ನ ಗಂಡನ ಮನೆಗೆ ಟ್ರ್ಯಾಕ್ಟರ್ ಬಂದದ್ದು ನನಗೆ ಎರಡನೇ ಮಗಳು ಹುಟ್ಟಿದ ವರ್ಷ. ಮಗಳು ಹುಟ್ಟಿದ್ದಕ್ಕೆ ಯಾರೂ ಒಂದು ಚಿಟಿಕೆ ಸಕ್ಕರೆ ಹಂಚಲಿಲ್ಲ. ಟ್ರ್ಯಾಕ್ಟರಿಗೆ ಊರೆಲ್ಲ ಪೇಢೆ ಹಂಚಿದರು. ಎಂಜಿನ್ನಿನ ಹಣೆಗೆ ವಿಭೂತಿ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಅತ್ತೆ ಆರತಿ ಬೆಳಗಿದಳು. ಅದನ್ನು ಓಡಿಸುವವನ ಬಾಯಿ ಅವತ್ತೇ ಸಾರಾಯಿ ನಾರುತ್ತಿತ್ತು. ಕರ್ಪೂರದ ಹೊಗೆಯಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ ಎಂದು ಅವರೆಲ್ಲ ಅಂದುಕೊಂಡಿದ್ದರು. ನನಗೆ ಮೂಗಿತ್ತು.

ನಮ್ಮದು ನವಲಗುಂದ ತಾಲೂಕಿನ ಹಳ್ಳಿ, ತಿರ್ಲಾಪುರದ ಬಾಜೂಕೆ. ಕರಿ ಮಣ್ಣು, ಹತ್ತಿ, ಜೋಳ, ಕಡಲೆ. ಅತ್ತೆ ಮನೆಯವರು ಹೊಲ ಇದ್ದವರು, ಕೊರಳಲ್ಲಿ ಲಿಂಗ ಇದ್ದವರು, ಬೆಳಿಗ್ಗೆ ಪೂಜೆ ಆಗದೆ ಬಾಯಿಗೆ ಚಹಾ ಹಾಕದವರು. ನನ್ನ ಗಂಡನೂ ಹಾಗೇ. ಬೆಳಗಿನ ಪೂಜೆ ತಪ್ಪಿಸುತ್ತಿರಲಿಲ್ಲ, ಮಧ್ಯಾಹ್ನದ ಸಾರಾಯಿಯನ್ನೂ ತಪ್ಪಿಸುತ್ತಿರಲಿಲ್ಲ. ಮುಂಬಯಿ ಸರಕಾರದ ಕಾಲಕ್ಕೆ ನಮ್ಮ ಕಡೆ ದಾರೂಬಂದಿ ಇತ್ತು, ಕುಡಿಯುವವರು ಹಳ್ಳದ ದಂಡೆಯಲ್ಲಿ ಕದ್ದು ಕುಡಿಯುತ್ತಿದ್ದರು. ಆಮೇಲೆ ಬಂದಿ ಹೋಯಿತು, ಸರಕಾರದ ಬೋರ್ಡು ಹಾಕಿದ ಅಂಗಡಿ ಬಂತು. ಬೋರ್ಡು ಬಂದ ಮೇಲೆ ಇವನು ಕುಡಿಯುವುದನ್ನು ಹೊಲದ ಪಟ್ಟಾದಂತೆ ತನ್ನ ಹಕ್ಕು ಎಂದು ತಿಳಿದುಕೊಂಡ. ಟ್ರ್ಯಾಕ್ಟರಿನ ಸೀಟಿನ ಕೆಳಗೆ ನಟ್ಟು ಬಿಚ್ಚುವ ಪಾನಾ ಇಡುವ ಒಂದು ಡಬ್ಬಿ ಇರುತ್ತದೆ. ಇವನ ಡಬ್ಬಿಯಲ್ಲಿ ಪಾನಾ ಇರಲಿಲ್ಲ, ಬಾಟಲಿ ಇತ್ತು.

ಗಂಡನನ್ನು ‘ಅವರು’ ಎಂದು ಬರೆಯಬೇಕು ಎಂದು ನನಗೂ ಗೊತ್ತು. ಎದುರಿಗೆ ಇದ್ದಾಗ ಹಾಗೇ ಅಂದಿದ್ದೇನೆ. ಬರೆಯುವಾಗ ಕೈ ಏಳುವುದಿಲ್ಲ.

ನನ್ನ ತವರು ಕಲಘಟಗಿ ತಾಲೂಕಿನಲ್ಲಿ, ಮಿಶ್ರಿಕೋಟಿಯ ಹತ್ತಿರ. ಅಪ್ಪ ಬೇಗ ಹೋದ. ಅಲ್ಲಿದ್ದವರು ಅವ್ವ ಮತ್ತು ನನ್ನ ತಮ್ಮ ಇಬ್ಬರೇ. ತಮ್ಮ ಹುಬ್ಬಳ್ಳಿಯಲ್ಲಿ ಲಾರಿ ತೊಳೆಯುತ್ತ ತೊಳೆಯುತ್ತ ಓಡಿಸುವುದನ್ನು ಕಲಿತು, ದೊಡ್ಡ ಗಾಡಿಯ ಲೈಸೆನ್ಸ್ ತೆಗೆದಿದ್ದ. ಸರಕಾರಿ ಬಸ್ಸಿನ ಡ್ರೈವರ್ ನೌಕರಿಗೆ ಅರ್ಜಿ ಹಾಕಿದ್ದ. ಆ ಕಾಲಕ್ಕೆ ಲೈಸೆನ್ಸ್ ಎಂದರೆ ಒಂದು ಸಣ್ಣ ಪುಸ್ತಕ. ಮುಂದೆ ಫೋಟೋ, ಹಿಂದೆ ಖಾಲಿ ಹಾಳೆ. ತಪ್ಪು ಮಾಡಿ ಶಿಕ್ಷೆಯಾದರೆ ಕೋರ್ಟಿನವರು ಆ ಖಾಲಿ ಹಾಳೆಯಲ್ಲಿ ಬರೆಯುತ್ತಾರೆ. ಬರೆದರೆ ಸರಕಾರಿ ಬಸ್ಸು ಸಿಗುವುದಿಲ್ಲ. ಇಷ್ಟನ್ನು ನನ್ನ ತಮ್ಮನೇ ನನಗೆ ತಿಳಿಸಿ ಹೇಳಿದ್ದ. ನಮ್ಮವ್ವ ಆ ಪುಸ್ತಕವನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದಳು.

ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದುಕೊಂಡು ಹೋಗಬೇಕು. ಆ ವರ್ಷ ತಮ್ಮ ಬಂದ. ನವಲಗುಂದದ ತನಕ ಎತ್ತಿನ ಗಾಡಿಯಲ್ಲಿ ಹೋಗಿ ಅಲ್ಲಿಂದ ಬಸ್ಸು ಹಿಡಿಯುವುದು ಎಂದು ಮಾತಾಗಿತ್ತು. ಆದರೆ ನನ್ನ ಗಂಡ ಊಟ ಮಾಡಿ, ಊಟಕ್ಕೂ ಮೊದಲು ಮಾಡುವುದನ್ನು ಮಾಡಿ, ಅಂಗಳಕ್ಕೆ ಬಂದು ನಿಂತ.

“ನಮ್ಮನಿ ಸೊಸಿ ಎತ್ತಿನ ಗಾಡ್ಯಾಗ ಹೋಗೂದನ? ಮಂದಿ ಏನಂತಾರ? ನಾ ಬಿಟ್ಟು ಬರ್ತೀನಿ, ಏರ್ರಿ ಟ್ರಾಲಿ.”

ತಮ್ಮನಿಗೆ ವಾಸನೆ ಹೊಡೆದಿರಬೇಕು. ಮೆಲ್ಲಗೆ ಅಂದ: “ಮಾಮಾ, ನೀವು ಆರಾಮ ಕೂಡ್ರಿ. ನಾ ಓಡಸ್ತೀನಿ.”

“ನೀ ಏನ್ ಓಡಸ್ತೀಲೇ? ಇದಕ್ಕ ನನ್ನ ಕೈ ಗುರ್ತ ಐತಿ. ಬ್ಯಾರೇದವ್ರು ಮುಟ್ಟಿದ್ರ ಚಾಲೂನ ಆಗಂಗಿಲ್ಲ.”

ನಾನು ಹೇಳಿದೆ: “ಗಾಡಿಗೆ ನಿಮ್ಮ ಕೈ ಗುರ್ತ ಇರ್ಲಿ ಬಿಡ್ರಿ. ಹಾದಿ ಗುರ್ತ ಐತೇನು ಈಗ ನಿಮಗ?”

ಅತ್ತೆ ಕಟ್ಟೆಯ ಮೇಲಿಂದ ಗದರಿಸಿದಳು: “ಗಂಡಸು ಬಿಡಾಕ ಬರ್ತೀನಿ ಅಂದ್ರ ಇಕಿದೊಂದು ಕೊಂಕು. ಏರು ಸುಮ್ನ.”

ಏರಿದೆವು. ದೊಡ್ಡ ಮಗಳನ್ನು ತಮ್ಮ ತೊಡೆಯ ಮೇಲೆ ಕೂಡ್ರಿಸಿಕೊಂಡ. ಸಣ್ಣದು ನನ್ನ ಕಂಕುಳಲ್ಲಿ. ಶ್ರಾವಣದ ಜಿಟಿಜಿಟಿ ಹತ್ತಿತ್ತು. ನಮ್ಮ ಕರಿ ಮಣ್ಣು ನೆನೆದರೆ ಬೆಣ್ಣೆಯ ಹಾಗೆ ಜಾರುತ್ತದೆ, ಎಚ್ಚರ ಇದ್ದವರೇ ಅದರ ಮೇಲೆ ಕೈ ಬಿಗಿ ಹಿಡಿದು ಓಡಿಸುತ್ತಾರೆ. ಇವನು ಹಾಡು ಹೇಳುತ್ತ ಓಡಿಸಿದ. ಹಳ್ಳದ ಇಳಿಜಾರಿನಲ್ಲಿ ನಮ್ಮೂರಿನವನೇ ಒಬ್ಬ ಗಾಡಿ ಹೊಡೆದುಕೊಂಡು ಎದುರಿಗೆ ಬರುತ್ತಿದ್ದ. ಅವನು ಕೂಗಿದ, ನಾನು ಕೂಗಿದೆ, ತಮ್ಮ ಕೂಗಿದ. ಟ್ರ್ಯಾಕ್ಟರ್ ಹೋಗಿ ಅವನ ಎಡಗಡೆಯ ಎತ್ತಿಗೆ ಗುದ್ದಿತು. ಎತ್ತಿನ ಕಾಲು ಮುರಿದ ಸಪ್ಪಳ ನನಗೆ ಟ್ರಾಲಿಯಲ್ಲಿ ಕೇಳಿಸಿತು. ಟ್ರಾಲಿ ವಾಲಿತು, ನಾವು ಕೆಸರಿಗೆ ಬಿದ್ದೆವು. ಮಕ್ಕಳಿಗೆ ಏನೂ ಆಗಲಿಲ್ಲ. ನನ್ನ ಮೊಣಕೈ ಒಂದು ತಿಂಗಳು ಬಾತಿತ್ತು.

ತಮ್ಮ ಓಡಿ ಹೋಗಿ ಎತ್ತಿನ ಕೊರಳಿನ ನೊಗ ಬಿಡಿಸಿದ. ನನ್ನ ಗಂಡ ಸೀಟಿನಿಂದ ಇಳಿಯಲೂ ಇಲ್ಲ. ಅಲ್ಲಿಂದಲೇ ಗಾಡಿಯವನಿಗೆ ಬೈದ.

“ಕಣ್ಣ ಕಾಣಂಗಿಲ್ಲೇನಲೇ ನಿನ್ನ ಎತ್ತಿಗೆ?”

ಮನುಷ್ಯ ಎಷ್ಟು ಸಣ್ಣವನಾಗಬಹುದು ಎಂದು ನಾನು ಆ ಮಾತಿನಲ್ಲಿ ನೋಡಿದೆ.

ಸ್ವಲ್ಪ ಹೊತ್ತಿಗೆ ಸೈಕಲ್ ಮೇಲೆ ಒಬ್ಬ ಪೊಲೀಸ್ ಜಮಾದಾರ ಆ ಹಾದಿಯಲ್ಲೇ ಬಂದ. ಗಾಡಿಯವನು ಅಳುತ್ತ ಅವನಿಗೆ ಎಲ್ಲ ಹೇಳಿದ. ಜಮಾದಾರ, ಅಷ್ಟೊತ್ತಿಗೆ ಇಳಿದು ಚಕ್ರಕ್ಕೆ ಒರಗಿದ್ದ ನನ್ನ ಗಂಡನ ಹತ್ತಿರ ಹೋಗಿ, ಮುಖ ಹಿಂದಕ್ಕೆ ತೆಗೆದು, ನಮ್ಮೆಲ್ಲರನ್ನೂ ನವಲಗುಂದದ ದವಾಖಾನೆಗೆ ಕರೆದುಕೊಂಡು ಹೋದ. ಅಲ್ಲಿ ಡಾಕ್ಟರ್ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದ.

“ಇದರ ಮ್ಯಾಲ ನಡೀರಿ.”

ನನ್ನ ಗಂಡ ಗೆರೆಯನ್ನು ನೋಡಿ ನೋಡಿ ಹೇಳಿದ: “ಗೆರಿ ಸೊಟ್ಟ ಐತ್ರಿ ಡಾಕ್ಟರ್. ಮದ್ಲ ಅದನ್ನ ನೆಟ್ಟಗ ಮಾಡ್ರಿ, ಆಮ್ಯಾಲ ನಡೀತೀನಿ.”

ಕಂಪೌಂಡರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಡಾಕ್ಟರ್ ನಗದೆ ಬರೆದುಕೊಂಡ. ಜಮಾದಾರನೂ ಬರೆದುಕೊಂಡ. ಟ್ರಾಲಿಯಲ್ಲಿ ಇದ್ದವಳೆಂದು ನನ್ನನ್ನು ಸಾಕ್ಷಿ ಎಂದು ಬರೆದುಕೊಂಡ. ಆ ಪಂಚಮಿಗೆ ನಾನು ತವರಿಗೆ ಹೋಗಲಿಲ್ಲ. ಅವ್ವ ಕಟ್ಟಿದ ಉಂಡಿಯನ್ನು ತಮ್ಮ ಒಬ್ಬನೇ ತಿಂದ.

ಈಗ ಕಾಕಾನ ವಿಷಯ ಹೇಳಬೇಕು. ಕಾಕಾ ಎಂದರೆ ನನ್ನ ಗಂಡನ ಅಪ್ಪನ ತಮ್ಮ. ಮಾವ ತೀರಿಕೊಂಡ ಮೇಲೆ ಮನೆಯ ಹಿರಿಯ ಅವನೇ. ಬದುವಿನ ಜಗಳ, ನೀರಿನ ಜಗಳ ಎಂದು ಹತ್ತಾರು ಸಲ ಕೋರ್ಟಿಗೆ ಹೋಗಿ ಬಂದಿದ್ದ. ಒಂದೂ ಗೆದ್ದಿರಲಿಲ್ಲ. ಆದರೂ ಕೋರ್ಟಿನ ವಿಷಯ ಬಂದರೆ ಊರಿನವರು ಅವನನ್ನೇ ಕೇಳುತ್ತಿದ್ದರು. ನಮ್ಮ ಪಡಸಾಲೆಯಲ್ಲಿ ಕುಳಿತು, ಎಲೆ ಅಡಿಕೆ ಹಾಕಿಕೊಂಡು, ಅವನು ಎಲ್ಲವನ್ನೂ ತೂಗಿ ಹೇಳಿದ.

“ಕುಡದು ಗಾಡಿ ಹೊಡದದ್ದು ಸಾಬೀತಾದ್ರ ದಂಡ ಬೀಳತೈತಿ. ಅದು ಹೋಗ್ಲಿ. ಸಾಹೇಬನ ತೆಲಿ ಕೆಟ್ರ ಜೇಲು. ಅದೂ ಹೋಗ್ಲಿ. ಲೈಸೆನ್ಸ್ ಕಸಗೋತಾರ. ಟ್ರ್ಯಾಕ್ಟರ್ ಮನಿಮುಂದ ನಿಂದ್ರತೈತಿ. ಮುಂದಿನ ವರ್ಷ ಇಂವ ಸೊಸೈಟಿ ಇಲೆಕ್ಷನ್ನಿಗೆ ನಿಂದ್ರೂದು ಬ್ಯಾರೆ ಐತಿ.”

ಅತ್ತೆ ಗಾಬರಿಯಾಗಿ ಒಳಗೆ ಹೋದಳು. ಟ್ರಂಕಿನ ತಳದಿಂದ ಒಂದು ಹಳದಿಯಾದ ಕಾಗದ ತಂದಳು. ಮುಂಬಯಿ ಸರಕಾರದ ಕಾಲಕ್ಕೆ ಮಾವನಿಗೆ ಎದೆನೋವಿನ ಔಷಧವೆಂದು ಕುಡಿಯಲು ಕೊಟ್ಟ ಪರ್ಮಿಟ್ ಅದು.

“ಇದನ್ನ ತೋರಸ್ರಿ ಸಾಹೇಬಗ. ನಮ್ಮ ಮನ್ಯಾಗ ಕುಡಿಯಾಕ ಸರಕಾರನ ಪರವಾನಗಿ ಕೊಟ್ಟೈತಿ.”

ನನಗೆ ನಗು ತಡೆಯಲಾಗಲಿಲ್ಲ. “ಅತ್ತಿ, ಮಾವಾರು ತೀರಿಕೊಂಡು ಎಷ್ಟ ದಿನಾತು. ಎದಿಬ್ಯಾನಿ ಅವರ ಕೂಡ ಹೋತು. ಪರ್ಮಿಟ್ ಒಂದ ಮಗಗ ಬಂತನು?”

“ನೀ ಬಾಯಿ ಮುಚ್ಚ” ಎಂದಳು. ಆ ಕಾಗದವನ್ನು ಅವರು ಖರೇನೇ ವಕೀಲನ ತನಕ ಒಯ್ದರು. ವಕೀಲ ಅದನ್ನು ಮಡಚಿ ಕಾಕಾನ ಜೇಬಿಗೆ ಇಟ್ಟು ಕಳಿಸಿದ.

ಪರ್ಮಿಟ್ ಕೆಲಸಕ್ಕೆ ಬರದೆ ಇದ್ದಾಗ ಕಾಕಾ ಇನ್ನೊಂದು ಉಪಾಯ ಹೂಡಿದ. ಅದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು. ಹೊಸ ಕಾಯಿದೆಯನ್ನೇ ಬರೆದವನ ಹಾಗೆ ಇತ್ತು.

“ನೋಡ್ರಿ. ಇಂವ ಕುಡದಾನ, ಡಾಕ್ಟರ್ ಬರದಾನ, ಅದನ್ನ ಅಳಸಾಕ ಬರಂಗಿಲ್ಲ. ಆದ್ರ ಕುಡದು ಗಾಡ್ಯಾಗ ಕುಂದ್ರೂದು ಗುನ್ನೆ ಅಲ್ಲ. ಓಡಸೂದು ಗುನ್ನೆ. ಓಡಿಸಿದಾಂವ ಯಾರು? ಇಕಿ ತಮ್ಮ. ಆಂವ ಕುಡದಾನೇನು? ಇಲ್ಲ. ಅಂದಮ್ಯಾಲ ಕುಡದಾಂವ ಓಡಿಸಿಲ್ಲ, ಓಡಿಸಿದಾಂವ ಕುಡದಿಲ್ಲ. ಕೇಸ್ ಎಲ್ಲೈತಿ?”

ಪಡಸಾಲೆಯಲ್ಲಿ ಇದ್ದವರೆಲ್ಲ ತಲೆ ಅಲ್ಲಾಡಿಸಿದರು. ನನ್ನ ಗಂಡ ತನ್ನ ತೊಡೆ ತಟ್ಟಿಕೊಂಡು, “ಕಾಕಾ ಅಂದ್ರ ಕಾಕಾ” ಎಂದ. ಎತ್ತಿನ ಕಾಲು ಮುರಿದದ್ದು ಯಾರ ನೆನಪಿನಲ್ಲೂ ಇರಲಿಲ್ಲ.

ನಾನು ಬಾಗಿಲಲ್ಲಿ ನಿಂತು ಕೇಳಿದೆ: “ಮತ್ತ ಎತ್ತಿಗೆ ಗುದ್ದಿದ ಗುನ್ನೆ? ಅದು ನನ್ನ ತಮ್ಮನ ಲೈಸೆನ್ಸಿನ್ಯಾಗ ಬರೀತಾರಲ್ರಿ ಕಾಕಾರ. ಅವನ ನೌಕರಿ?”

“ಅದೇನ್ ಮಹಾ. ಎತ್ತು ಅಡ್ಡ ಬಂತು ಅಂದ್ರ ಸಣ್ಣ ದಂಡ ಹಾಕಿ ಬಿಡ್ತಾರ. ಅದನ್ನ ನಾವ ಕಟ್ಟತೀವಿ.”

“ದಂಡ ನೀವು ಕಟ್ಟತೀರಿ. ಬಸ್ ನೀವು ಕೊಡಸ್ತೀರೇನು?”

ಅತ್ತೆ ನಡುವೆ ಬಾಯಿ ಹಾಕಿದಳು. “ಬಸ್ಸಿನ ನೌಕರಿ ಯಾಕ ಬೇಕವಗ? ಇಲ್ಲೇ ಬರ್ಲಿ. ನಮ್ಮ ಟ್ರ್ಯಾಕ್ಟರ್ ಹೊಡ್ಕೊಂಡು ಇರ್ಲಿ. ಅಕ್ಕನ ಕೈಯಾಗಿನ ರೊಟ್ಟಿ ಸಿಗತಾವ.”

ಅಂದರೆ ಗುನ್ನೆ ಅವನ ತಲೆಯ ಮೇಲೆ, ದುಡಿಮೆ ಇವರ ಹೊಲದಲ್ಲಿ. ಇದನ್ನು ಆಕೆ ಉಪಕಾರ ಮಾಡುವ ದನಿಯಲ್ಲಿ ಹೇಳಿದಳು.

ಗಾಡಿಯವನು ಮೊದಲು ಖರೇ ಹೇಳಿದ್ದ. ಒಂದು ದಿನ ನಮ್ಮ ಕೊಟ್ಟಿಗೆಯಲ್ಲಿ ಒಂದು ಎತ್ತು ಕಡಿಮೆಯಾಯಿತು. ಮರುದಿನ ಅದು ಅವನ ಗಾಡಿಗೆ ಹೂಡಿತ್ತು. ಅವತ್ತಿನಿಂದ ಅವನಿಗೆ ಟ್ರ್ಯಾಕ್ಟರಿನ ಸೀಟಿನಲ್ಲಿ ಯಾರಿದ್ದರು ಎಂದು ನೆನಪಿಲ್ಲದಂತಾಯಿತು. ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಎತ್ತು ಇಲ್ಲದೆ ಅವನ ಹೊಲ ಬೀಳು ಬೀಳುತ್ತಿತ್ತು. ಆದರೆ ಎದುರಿಗೆ ಬಂದಾಗ ನಾನು ಮಾತಾಡಿಸಲಿಲ್ಲ, ಅವನೂ ನಿಲ್ಲಲಿಲ್ಲ.

ಕೋರ್ಟಿನ ತಾರೀಖಿಗೆ ಎರಡು ದಿನ ಮೊದಲು ತಮ್ಮ ಬಂದ. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಬಂದು ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕುಳಿತ.

“ಅಕ್ಕಾ, ನಾ ಹೂಂ ಅಂದೀನಿ.”

“ಯಾವದಕ್ಕ?”

“ಕಾಕಾ ಊರಿಗೆ ಬಂದಿದ್ದ. ಅವ್ವನ ಮುಂದ ಎಲ್ಲಾ ಹೇಳಿದ. ನಾನ ಓಡಸ್ತಿದ್ದೆ ಅಂತ ಹೇಳ್ತೀನಿ.”

ರೊಟ್ಟಿ ಹಂಚಿನ ಮೇಲೆ ಹೊತ್ತಿತು. ಅದನ್ನು ತೆಗೆದು ಬದಿಗೆ ಒಗೆದೆ. “ನಿನಗ ಬಸ್ ಟೆಸ್ಟಿಗೆ ಕರದಾರೋ ಇಲ್ಲೋ?”

“ಕರದಾರ. ಮುಂದಿನ ತಿಂಗಳ ಐತಿ.”

“ಮತ್ತ?”

“ನೀ ಈ ಮನ್ಯಾಗ ಬಾಳಬೇಕಲ್ಲಕ್ಕ. ನಾ ಒಲ್ಲೆ ಅಂದ್ರ ನಿನ್ನ ಹೊರಗ ಹಾಕ್ತಾರ. ಎರಡು ಹೆಣ್ಣ ಕೂಸು ಕಟಗೊಂಡು ಎಲ್ಲಿ ಹೋಗ್ತಿ?”

“ಹೊರಗ ಹಾಕಿದ್ರ ರೊಟ್ಟಿ ಯಾರು ಬಡೀತಾರೋ ಇಲ್ಲಿ? ಇವರವ್ವನ ಕೈ ಏಳಂಗಿಲ್ಲ. ಮಗಗ ಉಪಾಸ ತಿಳ್ಯಾಂಗಿಲ್ಲ. ನನ್ನ ಹೊರಗ ಹಾಕೂ ಧೈರ್ಯ ಈ ಮನ್ಯಾಗ ಯಾರಿಗೂ ಇಲ್ಲ. ನೀ ನಿನ್ನ ಮಾತು ಹಿಂದ ತಗೋ.”

“ಕೊಟ್ಟೀನಲ್ಲ ಅಕ್ಕಾ. ಅವ್ವನೂ ಹೂಂ ಅಂದಾಳ.”

ನನ್ನ ತಮ್ಮ ಒಳ್ಳೆಯವನು. ಒಳ್ಳೆಯವರ ತೊಂದರೆ ಅದೇ. ಮಾತು ಕೊಟ್ಟದ್ದು ಯಾರಿಗೆ ಎಂದು ನೋಡುವುದಿಲ್ಲ. ಅವನಿಗೆ ಬೈದೆ, ನಾಯಿಗೆ ಬೈದ ಹಾಗೆ ಬೈದೆ. ಅವನು ತಲೆ ತಗ್ಗಿಸಿಕೊಂಡು ಎರಡು ರೊಟ್ಟಿ ತಿಂದು ಎದ್ದ. ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಇನ್ನು ಉಳಿದವಳು ನಾನು. ನನಗೂ ಸಮನ್ಸ್ ಬಂದಿತ್ತು. ವಕೀಲ ಕಾಕಾನಿಗೆ ಅದನ್ನೇ ಕೇಳಿದನಂತೆ, ಆಕೆ ಏನು ಹೇಳುತ್ತಾಳೆ ಎಂದು. ಕಾಕಾ ಮನೆಗೆ ಬಂದು ನಗುತ್ತ ಅತ್ತೆಯ ಮುಂದೆ ಹೇಳಿದ. ನನಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದ.

“ಅಕಿ ಏನ್ ಹೇಳ್ತಾಳ? ಗಂಡನ ಹೆಸರು ಅಕಿ ಬಾಯಾಗ ಬರಂಗಿಲ್ಲ. ಹೆಸರು ಬರಲಿಲ್ಲಂದ್ರ ಕೋರ್ಟಿನ್ಯಾಗ ಅದು ಸಾಕ್ಷೀನ ಅಲ್ಲ. ನಮ್ಮ ಮನಿ ಹೆಣಮಕ್ಳು ಇವತ್ತಿನತನಕ ಗಂಡನ ಹೆಸರು ಹೇಳ್ಯಾರೇನು?”

ಹೇಳಿರಲಿಲ್ಲ. ಅದು ಖರೇ. ನಮ್ಮಲ್ಲಿ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಮದುವೆಯಲ್ಲಿ, ಸೀಮಂತದಲ್ಲಿ, ಪಂಚಮಿಯ ಜೋಕಾಲಿ ಕಟ್ಟಿದಾಗ ಹಟ ಹಿಡಿದು ಹೇಳಿಸುತ್ತಾರೆ. ಆಗಲೂ ಬರಿ ಹೆಸರು ಹೇಳುವಂತಿಲ್ಲ, ಒಡಪು ಹಾಕಿ ಹೇಳಬೇಕು. ಬೆಳ್ಳಿಯ ಬಟ್ಟಲು, ಮಲ್ಲಿಗೆಯ ದಂಡೆ ಎಂದು ಪ್ರಾಸ ಕಟ್ಟಿ, ಕೊನೆಗೆ ಹೆಸರನ್ನು ಅದರೊಳಗೆ ಮುಚ್ಚಿ ಇಡಬೇಕು. ನಾನೂ ಹಾಗೆ ಹೇಳಿದವಳೇ. ಸಾರಾಯಿ ನಾರುವ ಗಂಡನನ್ನು ಮಲ್ಲಿಗೆಯಲ್ಲಿ ಮುಚ್ಚಿ ಹೇಳಿದವಳೇ.

ಹೊರಡುವ ದಿನ ಬೆಳಿಗ್ಗೆ ಅತ್ತೆ ನನಗೆ ಪಾಠ ಮಾಡಿದಳು.

“ಸಾಕ್ಷಿ ಹೇಳೂ ಕಟಾಂಜನದಾಗ ನಿಂತ ಕೂಡ್ಲೆ ತೆಲಿಮ್ಯಾಲ ಸೆರಗ ಜಗ್ಗಿಕೊ. ಏನ್ ಕೇಳಿದ್ರೂ ಅತ್ಕೋತ ನಿಂದ್ರು. ಸಾಕು.”

“ಎಷ್ಟೊತ್ತನ ಅಳಬೇಕ್ರಿ ಅತ್ತಿ?”

“ಸಾಹೇಬ ಹೋಗು ಅನ್ನೂತನಕ.”

“ಕಣ್ಣೀರ ಬರಲಿಲ್ಲಂದ್ರ?”

“ಸೆರಗ ಇರತೈತಲ್ಲ, ಯಾರ್ ನೋಡ್ತಾರ.”

ಕೋರ್ಟಿನಲ್ಲಿ ಮೊದಲು ಪೊಲೀಸರ ಕಡೆಯ ಸಾಕ್ಷಿ, ಆಮೇಲೆ ನಮ್ಮ ಕಡೆಯ ಸಾಕ್ಷಿ. ತಮ್ಮ ನಮ್ಮ ಕಡೆಯ ಸಾಕ್ಷಿ, ಅಂದರೆ ನನ್ನ ಗಂಡನ ಕಡೆಯ ಸಾಕ್ಷಿ. ನಾನು ಪೊಲೀಸರ ಕಡೆ. ಅವನು ಸುಳ್ಳು ಹೇಳುವ ಮೊದಲು ನನ್ನ ಪಾಳಿ ಬರುತ್ತದೆ ಎಂದು ನನಗೆ ಅಲ್ಲಿ ಹೋದ ಮೇಲೆ ತಿಳಿಯಿತು. ತಿಳಿದು ಜೀವ ನೆಟ್ಟಗಾಯಿತು.

ಡಾಕ್ಟರ್ ಬಂದು ಗೆರೆಯ ವಿಷಯ ಹೇಳಿ ಹೋದ. ಜಮಾದಾರ ತಾನು ಬಂದಾಗ ಕಂಡದ್ದನ್ನು ಹೇಳಿದ. ಗಾಡಿಯವನು ಕಟಾಂಜನ ಹಿಡಿದುಕೊಂಡು, “ಮಳಿ ಇತ್ರಿ, ಕಾಣಲಿಲ್ರಿ” ಎಂದ. ನನ್ನ ಗಂಡ ಕಾಕಾನ ಕಡೆ ನೋಡಿ ಮೀಸೆ ಮುಟ್ಟಿಕೊಂಡ. ಆಮೇಲೆ ನನ್ನನ್ನು ಕೂಗಿದರು.

ಸಾಹೇಬರು ಮೈಸೂರು ಕಡೆಯ ಹುಡುಗ ವಯಸ್ಸಿನವರು. ಮೃದುವಾಗಿ ಮಾತಾಡುತ್ತಿದ್ದರು. ಸರಕಾರಿ ವಕೀಲ ಕೇಳಿದ: “ಅವತ್ತು ಟ್ರ್ಯಾಕ್ಟರ್ ಯಾರು ಓಡಸ್ತಿದ್ರು?”

“ನನ್ನ ಗಂಡರಿ.”

ಕೋರ್ಟಿನಲ್ಲಿ ಒಂದು ಸಪ್ಪಳ ಎದ್ದಿತು. ನಮ್ಮೂರಿನವರು ಅರ್ಧ ಊರು ಬಂದಿದ್ದರು. ನನ್ನ ಗಂಡನ ವಕೀಲ ತಟ್ಟನೆ ಎದ್ದ. ಅವನ ತುಟಿಯಲ್ಲಿ ಕಾಕಾನ ನಗುವೇ ಇತ್ತು.

“ಸಾಹೇಬ್ರ, ಸಾಕ್ಷಿ ಯಾರ ಬಗ್ಗೆ ಹೇಳಾಕತ್ತಾರ ಅನ್ನೂದು ಸ್ಪಷ್ಟ ಆಗಬೇಕ್ರಿ. ಹೆಸರು ಹೇಳ್ಲಿ.”

ಸಾಹೇಬರು ನನ್ನ ಕಡೆ ನೋಡಿದರು. “ಹೆಸರು ಹೇಳಿಯಮ್ಮಾ.”

ನಾನು ಕಟಾಂಜನ ಹಿಡಿದೆ. ಮುಂದೆ ಕುಳಿತ ಗುಮಾಸ್ತ ಮುದುಕ, ನಮ್ಮ ಕಡೆಯವನೇ. ಸಾಹೇಬರಿಗೆ ತಿಳಿಸಿ ಹೇಳಿದ: “ಗಂಡನ ಹೆಸರು ಹೇಳಂಗಿಲ್ರಿ ಸಾಹೇಬ್ರ, ಈ ಕಡೆ ಪದ್ಧತಿ.” ಮತ್ತೆ ನನ್ನ ಕಡೆ ತಿರುಗಿ, “ಬೇಕಾದ್ರ ಒಡಪು ಹಾಕಿ ಹೇಳ ಯವ್ವಾ, ಬರಕೋತೀನಿ” ಎಂದ.

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ನನ್ನ ಗಂಡ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕ. ತಮ್ಮ ಮಾತ್ರ ಬಾಗಿಲ ಹೊರಗೆ ಕಂಬಕ್ಕೆ ಒರಗಿ ನಿಂತಿದ್ದ, ತನ್ನ ಪಾಳಿಗೆ ಕಾಯುತ್ತಿದ್ದ. ಅವನ ಅಂಗಿಯ ಜೇಬಿನಲ್ಲಿ ಆ ಸಣ್ಣ ಪುಸ್ತಕ ಎದ್ದು ಕಾಣುತ್ತಿತ್ತು. ತಂದಿದ್ದ, ಬರೆಯಿಸಿಕೊಂಡು ಹೋಗಲು.

ನಾನು ಹೇಳಿದೆ. ಗಂಡನ ಹೆಸರು, ಅವನ ಅಪ್ಪನ ಹೆಸರು, ಅಡ್ಡಹೆಸರು. ಮೂರನ್ನೂ ಒಂದೇ ಉಸಿರಿನಲ್ಲಿ, ಬೆಳ್ಳಿ ಬಟ್ಟಲು ಇಲ್ಲದೆ, ಮಲ್ಲಿಗೆ ಇಲ್ಲದೆ, ಸಂತೆಯಲ್ಲಿ ಕಳೆದ ದನದ ಗುರುತು ಹೇಳುವ ಹಾಗೆ ಹೇಳಿದೆ. ಇಲ್ಲಿ ಆ ಹೆಸರು ಬರೆಯುವುದಿಲ್ಲ. ಬೇಕಾದ ಕಡೆ ಹೇಳಿ ಆಗಿದೆ.

ಗುಮಾಸ್ತ ಬರೆಯುವುದು ಬಿಟ್ಟು ನನ್ನ ಮುಖ ನೋಡಿದ. ವಕೀಲ ಇನ್ನೊಂದು ಕಡೆಯಿಂದ ಬಂದ.

“ನೀವು ಹಿಂದ ಟ್ರಾಲ್ಯಾಗ ಇದ್ರಿ. ಮುಂದ ಯಾರಿದ್ರು ನಿಮಗ ಹೆಂಗ ಕಾಣ್ತು?”

“ಟ್ರಾಲಿಗೆ ಗ್ವಾಡಿ ಇರಂಗಿಲ್ರಿ.”

“ನಿಮ್ಮ ತಮ್ಮ ಎಲ್ಲಿದ್ದ?”

“ನನ್ನ ಬಾಜೂಕ. ನನ್ನ ದೊಡ್ಡ ಮಗಳು ಅವನ ತೊಡಿಮ್ಯಾಲ ಇದ್ಲು. ಟ್ರಾಲ್ಯಾಗ ಕುಂತು, ತೊಡಿಮ್ಯಾಲ ಕೂಸು ಇಟಗೊಂಡು, ಟ್ರ್ಯಾಕ್ಟರ್ ಓಡಸಾಕ ನಿಮಗ ಬರತೈತೇನ್ರಿ ವಕೀಲ್ರ? ನನ್ನ ತಮ್ಮಗಂತೂ ಬರಂಗಿಲ್ಲ.”

ಸಾಹೇಬರು ಸಾಕು ಎಂದರು. ವಕೀಲ ಕುಳಿತ. ಕಾಕಾ ಅವನ ಕಿವಿಯಲ್ಲಿ ಏನೋ ಊದಿದ, ವಕೀಲ ಇನ್ನು ಆಗದು ಎಂದು ತಲೆ ಅಲ್ಲಾಡಿಸಿದ. ತಮ್ಮನನ್ನು ಸಾಕ್ಷಿಗೆ ಯಾರೂ ಒಳಗೆ ಕರೆಯಲೇ ಇಲ್ಲ. ನಾನು ಹೊರಗೆ ಬಂದು ಅವನ ಜೇಬು ಮುಟ್ಟಿ, “ಇದನ್ನ ಅವ್ವಗ ಕೊಡು, ಜಗಲಿಮ್ಯಾಲ ಇಡ್ಲಿ” ಎಂದೆ. ಅವನ ಕಣ್ಣಲ್ಲಿ ನೀರು ಬಂತು. “ನನ್ನ ಮುಂದ ಅಳಬ್ಯಾಡ, ಬಸ್ ತಪ್ಪತೈತಿ” ಎಂದು ಕಳಿಸಿದೆ.

ಮನೆಗೆ ಬಂದರೆ ಅತ್ತೆ ಎದೆ ಬಡಿದುಕೊಂಡಳು. ಮಗನ ಆಯುಷ್ಯ ತಿಂದೆ ಎಂದಳು, ಮುತ್ತೈದೆತನ ಬಾಜಾರದಲ್ಲಿ ಇಟ್ಟು ಬಂದೆ ಎಂದಳು. ನನ್ನ ಗಂಡ ಕೈ ಎತ್ತಿಕೊಂಡು ಬಂದ.

“ಹೊಡೀರಿ” ಎಂದೆ. “ಕೋರ್ಟಿನ ಹಾದಿ ಈಗ ನನಗೂ ಗೊತ್ತಾಗೇತಿ. ಹೆಸರೂ ಬಾಯಾಗ ಬಂದೈತಿ.”

ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ, ಅದರಿಂದಲೇ ತಲೆ ತುರಿಸಿಕೊಂಡು ಹೊರಗೆ ಹೋದ. ಸಂಜೆ ಊಟಕ್ಕೆ ಬಂದ. ನಾನು ಅಂದುಕೊಂಡಂತೆಯೇ.

ತೀರ್ಪು ಮುಂದಿನ ತಾರೀಖಿಗೆ ಬಂತು. ದಂಡ ಬಿತ್ತು. ಲೈಸೆನ್ಸನ್ನು ಕೋರ್ಟಿನವರು ಕಸಿದುಕೊಂಡರು. ಎರಡು ವರ್ಷ ಅವನು ಯಾವ ಗಾಡಿಯನ್ನೂ ಓಡಿಸುವಂತಿಲ್ಲ, ಓಡಿಸಿ ಸಿಕ್ಕರೆ ಜೈಲು ಎಂದರು. ಮತ್ತೊಂದು ಶಿಕ್ಷೆ ಇತ್ತು, ಅದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ. ಅವತ್ತು ಕೋರ್ಟು ಏಳುವ ತನಕ ಅವನು ಅಲ್ಲೇ ಕೂಡ್ರಬೇಕು. ಜೈಲಿನ ಬದಲು ಅದು. ಕಾಕಾ ಹೊರಗೆ ಬಂದು ಎಲ್ಲರಿಗೂ, “ಶಿಕ್ಷಾ ಅಲ್ಲದು, ಸುಮ್ನ ಕುಂದ್ರೂದು” ಎಂದು ಹೇಳುತ್ತ ತಿರುಗಿದ.

ಸುಮ್ಮನೆ ಕೂಡ್ರುವುದು ಏನೆಂದು ಅವತ್ತು ನೋಡಿದೆ. ಹಿಂದಿನ ಬೆಂಚಿನ ತುದಿಯಲ್ಲಿ ಕುಳಿತಿದ್ದ. ಎದ್ದು ಹೋಗುವಂತಿಲ್ಲ, ಎಲೆ ಅಡಿಕೆ ಹಾಕಿಕೊಳ್ಳುವಂತಿಲ್ಲ. ಡಬ್ಬಿಯ ಬಾಟಲಿ ಇಲ್ಲ, ಮಧ್ಯಾಹ್ನ ಆದಂತೆ ಕೈ ನಡುಗಲು ಹತ್ತಿದವು, ತೊಡೆಯ ಕೆಳಗೆ ಇಟ್ಟುಕೊಂಡ. ಸಂತೆಗೆಂದು ಬಂದ ನಮ್ಮೂರಿನ ಮಂದಿ, ಮೆಣಸಿನಕಾಯಿ ಚೀಲ ಬಾಗಿಲಲ್ಲಿ ಇಟ್ಟು, ಒಳಗೆ ಇಣುಕಿ ನೋಡಿ ಹೋದರು. ಕೆಲವರು ನಮಸ್ಕಾರ ಮಾಡಿದರು. ಅದು ಬೈಗುಳಕ್ಕಿಂತ ಕೆಟ್ಟದ್ದು. ನಾನು ಹೊರಗೆ ಬೇವಿನ ಗಿಡದ ಕೆಳಗೆ ಕುಳಿತು ಬುತ್ತಿ ಬಿಚ್ಚಿ, ರೊಟ್ಟಿ, ಕೆಂಪು ಖಾರ, ಉಳ್ಳಾಗಡ್ಡಿ ಊಟ ಮಾಡಿದೆ. ಬಹಳ ದಿನಗಳ ಮೇಲೆ ಊಟ ರುಚಿಯಾಗಿತ್ತು.

ಟ್ರ್ಯಾಕ್ಟರಿಗೆ ಪಗಾರದ ಡ್ರೈವರ್ ಇಟ್ಟರು. ಇವನು ಮಡ್‌ಗಾರ್ಡಿನ ಮೇಲೆ ಕುಳಿತು ಅವನಿಗೆ ಹಾದಿ ಹೇಳುತ್ತಿದ್ದ, ಗೇರು ಹೇಳುತ್ತಿದ್ದ, ಬೈಯುತ್ತಿದ್ದ. ಒಬ್ಬ ಡ್ರೈವರೂ ಒಂದು ಬಿತ್ತಿಗೆ ಮುಗಿಯುವ ತನಕ ನಿಲ್ಲಲಿಲ್ಲ. ಕೊನೆಗೆ ಎತ್ತಿನಿಂದಲೇ ಹರಗಿದರು. ಕೊಟ್ಟಿಗೆಯಲ್ಲಿ ಒಂದು ಎತ್ತು ಕಡಿಮೆ ಇತ್ತು, ಅದನ್ನು ಬೇರೆ ಹೊರಗಿನಿಂದ ತರಬೇಕಾಯಿತು. ಟ್ರ್ಯಾಕ್ಟರಿನ ಮೇಲೆ ಕೋಳಿ ಕೂಡ್ರಲು ಹತ್ತಿದವು. ಸೊಸೈಟಿ ಇಲೆಕ್ಷನ್ನಿಗೆ ನಿಂತ. ಎದುರಿನವರು ಒಂದು ಭಾಷಣವನ್ನೂ ಮಾಡಲಿಲ್ಲ. ಇವನು ಓಟು ಕೇಳಲು ಹೋದ ಕಡೆಯಲ್ಲೆಲ್ಲ ಜನ ಕಂಬಳಿ ಹಾಸಿ, “ಕೂಡ್ರಿ, ಕೂಡ್ರಿ, ಕೋರ್ಟ್ ಏಳೂತನಕ ಕೂಡ್ರಿ” ಎಂದರು. ಬಿದ್ದ. ಅದಕ್ಕೂ ನನ್ನನ್ನೇ ಬೈದರು.

ಕುಡಿಯುವುದನ್ನು ಬಿಟ್ಟನೇ ಎಂದು ಈಗಿನವರು ಕೇಳುತ್ತಾರೆ. ಬಿಡಲಿಲ್ಲ. ದಂಡ, ಕೋರ್ಟು, ಲೈಸೆನ್ಸ್ ಇವು ಮನುಷ್ಯನ ಬುದ್ಧಿ ತಿದ್ದುತ್ತವೆ ಎಂದು ನನಗೆ ಅವತ್ತೂ ಅನ್ನಿಸಿರಲಿಲ್ಲ. ಅವನ ಕೈಯಿಂದ ಸ್ಟೇರಿಂಗ್ ಬಿಡಿಸಿದವು, ಅಷ್ಟು ಸಾಕು. ಊರಿನ ಎತ್ತುಗಳು ಎರಡು ವರ್ಷ ನಾಲ್ಕು ಕಾಲಿನ ಮೇಲೆ ನಡೆದವು. ಇನ್ನು ಆಯುಷ್ಯ. ಹೆಸರು ಹೇಳಿದ್ದರಿಂದ ಅದೇನೂ ಕಡಿಮೆಯಾಗಲಿಲ್ಲ. ಮೊಮ್ಮಕ್ಕಳ ಮದುವೆ ನೋಡಿ, ಹಲ್ಲೆಲ್ಲ ಉದುರಿದ ಮೇಲೆ ಹೋದ. ಕೋರ್ಟಿನಲ್ಲಿ ಹೇಳಿದ ಮೇಲೆ, ರೇಶನ್ನಿನವನು ಕೇಳಿದಾಗ, ಸಾಲಿ ಮಾಸ್ತರು ಕೇಳಿದಾಗ, ನಾನು ಹೆಸರನ್ನು ಸೀದಾ ಹೇಳುತ್ತಿದ್ದೆ. ಹೇಳಿದಷ್ಟೂ ಗಟ್ಟಿಯಾಗಿ ಉಳಿದ.

ತಮ್ಮ ಟೆಸ್ಟಿನಲ್ಲಿ ಪಾಸಾದ. ಖಾಕಿ ಅಂಗಿ ಸಿಕ್ಕಿತು. ಮರುವರ್ಷದ ಪಂಚಮಿಯ ಹೊತ್ತಿಗೆ ನಮ್ಮೂರಿಗೂ ಹೊಸದಾಗಿ ಬಸ್ಸು ಬಿಟ್ಟಿದ್ದರು, ಅವನಿಗೆ ಆ ಹಾದಿಯೇ ಬಿದ್ದಿತ್ತು. ಎತ್ತಿಗೆ ಗುದ್ದಿದ ಆ ಇಳಿಜಾರಿನಲ್ಲಿ ಬಸ್ಸನ್ನು ಮೆಲ್ಲಗೆ ಇಳಿಸಿಕೊಂಡು ಬಂದು ನಮ್ಮೂರ ಅಗಸಿ ಬಾಗಿಲ ಮುಂದೆ ನಿಲ್ಲಿಸಿದ. ನಾನು ಮಕ್ಕಳನ್ನು ಕರೆದುಕೊಂಡು ಏರಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಕುಳಿತೆ. ನನ್ನ ಗಂಡನಿಗೂ ಅವತ್ತು ನವಲಗುಂದದಲ್ಲಿ ಏನೋ ಕೆಲಸವಿತ್ತು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಕೈ ಅಡ್ಡ ಹಿಡಿದು ನಿಂತಿದ್ದ. ಬಾಗಿಲ ತನಕ ಬಂದವನು ಸ್ಟೇರಿಂಗಿನಲ್ಲಿ ಯಾರಿದ್ದಾರೆ ಎಂದು ನೋಡಿದ.

“ಏರ್ರಿ ಮಾಮಾ” ಎಂದ ತಮ್ಮ. ಖರೇನೇ ಕರೆದ, ಅವನಿಗೆ ಕೊಂಕು ಬರುವುದಿಲ್ಲ.

“ನೀ ನಡಿ. ನಾ ಮುಂದಿನ ಬಸ್ಸಿಗೆ ಬರ್ತೀನಿ.”

ಮುಂದಿನ ಬಸ್ಸು ಸಂಜೆಗೆ ಇತ್ತು. ಬಸ್ಸು ತಿರುಗುವಾಗ ಕಿಟಕಿಯಿಂದ ನೋಡಿದೆ. ಅಗಸಿಯ ಕಟ್ಟೆಯ ಮೇಲೆ ಟವೆಲ್ಲು ಹಾಸಿಕೊಂಡು ಕುಳಿತ. ಕೂಡ್ರುವುದು ಅವನಿಗೆ ರೂಢಿಯಾಗಿತ್ತು.